ಫೀಸಿಗೊಂದು ಚೌಕಾಸಿ

ಚೌಕಾಸಿಯಲ್ಲಿ ಬಾಯಿಗಿಂತ ಕಾಲಿಗೇ ಹೆಚ್ಚು ಕೆಲಸ ಎನ್ನುವುದು ನನ್ನ ಗಟ್ಟಿ ನಂಬಿಕೆ. ಬೆಲೆ ಕೇಳಬೇಕು, ಗಾಬರಿಯಾದವರ ಹಾಗೆ ಮುಖ ಮಾಡಬೇಕು, ಅರ್ಧಕ್ಕೆ ಕೇಳಬೇಕು, ಕೊಡಲ್ಲ ಅಂದ ಕೂಡಲೇ ಎದ್ದು ಹೊರಟುಬಿಡಬೇಕು. ಕಸುಬುಗಾರಿಕೆ ಇರುವುದೇ ಆ ಹೊರಡುವುದರಲ್ಲಿ. ಬೇಗ ನಡೆದರೆ ಅಂಗಡಿಯವನು ಇವಳು ನಿಜವಾಗಿಯೂ ಹೋದಳು ಅಂದುಕೊಳ್ಳುತ್ತಾನೆ. ತೀರಾ ನಿಧಾನವಾದರೆ ನಾಟಕ ಗೊತ್ತಾಗಿಬಿಡುತ್ತದೆ. ಎರಡರ ನಡುವಿನ ಒಂದು ನಡಿಗೆಯನ್ನು ನಾನು ತುಮಕೂರಿನ ಬಿ.ಎಚ್. ರಸ್ತೆಯ ಸೀರೆ ಅಂಗಡಿಗಳಲ್ಲೂ ಗುಬ್ಬಿ ಸಂತೆಯಲ್ಲೂ ವರ್ಷಗಟ್ಟಲೆ ಪಳಗಿಸಿಕೊಂಡಿದ್ದೇನೆ. ಮೆಟ್ಟಿಲಿಳಿಯುವಷ್ಟರಲ್ಲಿ ಹಿಂದಿನಿಂದ "ಬನ್ನಿ ಅಕ್ಕ, ಬನ್ನಿ, ಬೋಣಿ ಟೈಮು" ಎಂಬ ದನಿ ಬಂದೇ ಬರುತ್ತದೆ. ಇಳಿಹೊತ್ತಾದರೂ ಅವರಿಗೆ ಬೋಣಿಯೇ. ನನ್ನ ಗಂಡ ಮಾತ್ರ ಅಷ್ಟು ಹೊತ್ತೂ ಎದುರಿನ ಫುಟ್‌ಪಾತಿನಲ್ಲಿ ನಿಂತು, ಈ ಹೆಂಗಸು ಯಾರೋ ಗೊತ್ತೇ ಇಲ್ಲ ಎನ್ನುವಂತೆ ಹೋಗಿಬರುವ ಬಸ್ಸುಗಳನ್ನು ನೋಡುತ್ತಿರುತ್ತಾರೆ.

ಈ ವಿದ್ಯೆಯ ಮೇಲೆ ನನಗೆಷ್ಟು ಭರವಸೆ ಇತ್ತೆಂದರೆ, ಮಗಳು ಸಿಂಚನಾಳ ಕಾಲೇಜು ಫೀಸನ್ನೂ ಇದರಿಂದಲೇ ಇಳಿಸುತ್ತೇನೆಂದು ಪಣ ತೊಟ್ಟೆ. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಬೆಳೆದು, ಕುಣಿಗಲ್ ಕೆರೆಗಿಂತ ದೊಡ್ಡ ನೀರನ್ನು ಒಂದೇ ಸಲ, ಅದೂ ಶಾಲೆಯ ಟೂರಿನಲ್ಲಿ ನೋಡಿದ ಹುಡುಗಿಗೆ ಸಮುದ್ರ ವಿಜ್ಞಾನ ಓದುವ ಹುಚ್ಚು ಹಿಡಿದಿತ್ತು. ಕೇರಳದ ಕಡಲ ತೀರದ ಕಾಲೇಜೊಂದರಲ್ಲಿ ಸೀಟೂ ಸಿಕ್ಕಿತು. ಆ ಕಾಲೇಜಿಗೆ ಸ್ವಂತ ದೋಣಿ ಇದೆಯೆಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದಳು. ಆದರೆ ಹೊರರಾಜ್ಯದವರಿಗೆ ಫೀಸು ಅಲ್ಲಿನವರ ಎರಡರಷ್ಟು. ರಾತ್ರಿ ಊಟಕ್ಕೆ ಕೂತಾಗ ನನ್ನ ಗಂಡ, "ಅಷ್ಟು ನಮ್ಮ ಕೈಲಾಗಲ್ಲ ಕಣೇ. ಕಮ್ಮಿ ಆದ್ರೆ ಸರಿ, ಇಲ್ದಿದ್ರೆ ಇಲ್ಲೇ ಬಿಎಸ್ಸಿಗೆ ಸೇರ್ಸೋಣ" ಎಂದರು. ಸಿಂಚನಾ ಎದ್ದು ಹೋಗಿ ತನ್ನ ತಟ್ಟೆ ತೊಳೆದಿಟ್ಟಳು. ಯಾರೂ ಹೇಳದೆ ತಟ್ಟೆ ತೊಳೆಯುವ ಪೈಕಿಯಲ್ಲ ಅವಳು.

ಸುದ್ದಿ ಹರಡಿದ್ದೇ ತಡ, ಸಲಹೆಗಳು ಶುರುವಾದವು. ನಿಟ್ಟೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನನ್ನಣ್ಣ ಫೋನು ಮಾಡಿ, "ಅಲ್ಲೇ ಒಂದು ರೂಮ್ ಮಾಡಿ ನೀನೂ ಇದ್ಬುಡು. ಇಬ್ರೂ ಅಲ್ಲಿಯೋರೇ ಆಯ್ತೀರ, ಫೀಸು ಕಮ್ಮಿ ಆಯ್ತದೆ" ಎಂದ. ಅದಕ್ಕೆ ಎಷ್ಟೋ ವರ್ಷ ಅಲ್ಲಿರಬೇಕಂತೆ ಕಣೋ ಎಂದರೆ, "ಇರು, ಏನೀಗ? ಭಾವ ಅನ್ನ ಮಾಡ್ಕಂಡು ತಿಂತಾರೆ" ಎಂದ. ಕುಕ್ಕರಿನ ಮುಚ್ಚಳ ಹಾಕುವುದಕ್ಕೆ ನನ್ನನ್ನು ಕೂಗುವ ಮನುಷ್ಯ ಆ ಭಾವ. ಯಡಿಯೂರಿನ ನನ್ನ ಸೋದರತ್ತೆಯದು ಇನ್ನೂ ದೊಡ್ಡ ತಲೆ. "ಅಯ್ಯೋ, ಅದುಕ್ಯಾಕೆ ಅಷ್ಟೊಂದು ತಲೆ ಕೆಡಿಸ್ಕತೀಯ? ಅಲ್ಲೀದೇ ಒಂದು ಗಂಡು ನೋಡಿ ಮದ್ವೆ ಮಾಡ್ಬುಡು. ಸೊಸೆ ಆದ್ಮೇಲೆ ಇವ್ಳೂ ಆ ರಾಜ್ಯದೋಳೇ ಅಲ್ವಾ? ಫೀಸೂ ಅರ್ಧ, ಮದ್ವೆನೂ ಮುಗೀತು." ಸ್ಪೀಕರಿನಲ್ಲಿ ಕೇಳಿಸಿಕೊಳ್ಳುತ್ತಿದ್ದ ಸಿಂಚನಾ, "ಅಜ್ಜೀ, ಆ ಮದ್ವೆ ಖರ್ಚಲ್ಲಿ ನಾನು ಇನ್ನೊಂದು ಡಿಗ್ರಿನೂ ಓದ್ಬೋದು" ಎಂದಳು. "ಬಾಯಿ ನೋಡು ಅದ್ರದು" ಎಂದು ಅತ್ತೆ ಫೋನು ಇಟ್ಟರು. ಇವರನ್ನೆಲ್ಲ ನಂಬಿದರೆ ಆಗುವ ಕೆಲಸವಲ್ಲ, ನಾನೇ ಹೋಗುತ್ತೇನೆ ಎಂದು ಸೆರಗು ಬಿಗಿದು ಮಗಳೊಂದಿಗೆ ರೈಲು ಹತ್ತಿದೆ.

ಕಾಲೇಜಿನ ಆಫೀಸಿನಲ್ಲಿ ಕನ್ನಡಕದ ಹೆಂಗಸೊಬ್ಬರು ಕೂತಿದ್ದರು. ಆ ಸಂಜೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಮುಂದಿನವರ ಪಾಲು. ನಾನು ಎಂದಿನಂತೆ ಬೆಲೆ ಕೇಳಿದೆ, ಗಾಬರಿಯಾದೆ, "ಫೈನಲ್ ಎಷ್ಟು ಮೇಡಂ?" ಎಂದೆ. "ದಿಸ್ ಈಸ್ ಫೈನಲ್" ಎಂದರು. "ಸ್ವಲ್ಪ ನೋಡಿ ಹೇಳಿ, ತುಂಬಾ ದೂರದಿಂದ ಬಂದಿದೀವಿ" ಎಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದೆ. ಅವರು ಆಗಲ್ಲ ಎಂಬಂತೆ ತಲೆಯಾಡಿಸಿದರು. ಸರಿ, ಇನ್ನೇನು ಉಳಿಯಿತು? "ಹಾಗಾದರೆ ಬೇಡ ಬಿಡಿ" ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೆ. ಮಗಳ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದರೆ ಗಟ್ಟಿತನ ಹೋಗುತ್ತದೆ.

ನನ್ನ ಪಳಗಿದ ನಡಿಗೆಯಲ್ಲೇ ವರಾಂಡ ದಾಟಿದೆ. ದನಿ ಬರಲಿಲ್ಲ. ಮೆಟ್ಟಿಲಿಳಿದೆ, ಬರಲಿಲ್ಲ. ಅಂಗಳದಲ್ಲಿ ಒಂದು ಮರದ ಕೆಳಗೆ ನಿಂತು ಚಪ್ಪಲಿಯಲ್ಲಿ ಇಲ್ಲದ ಕಲ್ಲನ್ನು ತೆಗೆದೆ. ಉಹುಂ. ಗೇಟಿನ ಹತ್ತಿರ ಬಂದಾಗ ಕಾವಲುಗಾರ ಎದ್ದು, ನನಗೆಂದೇ ಗೇಟನ್ನು ಪೂರ್ತಿ ತೆರೆದು ಹಿಡಿದ. ಮರ್ಯಾದೆ ಬೇಡವೆನಿಸಿದ್ದು ನನಗೆ ಅದೇ ಮೊದಲು. ಆಗ ನನಗೆ ನಿಜವಾಗಿಯೂ ಭಯವಾಯಿತು. ಬಿ.ಎಚ್. ರಸ್ತೆಯಲ್ಲಿ ಈ ಅಂಗಡಿ ಇಲ್ಲದಿದ್ದರೆ ಪಕ್ಕದ ಅಂಗಡಿ. ಇಲ್ಲಿ ಪಕ್ಕದ ಅಂಗಡಿಯೇ ಇರಲಿಲ್ಲ. ನನ್ನ ಒಣ ಜಂಬಕ್ಕೆ ಹುಡುಗಿಯ ಸಮುದ್ರವನ್ನೇ ಕೌಂಟರಿನ ಮೇಲೆ ಬಿಟ್ಟು ಬಂದಿದ್ದೆ. ಯಾವ ಮುಖ ಹೊತ್ತು ಒಳಗೆ ಹೋಗುವುದು ಎಂದು ಒದ್ದಾಡುತ್ತಿರುವಾಗ ಹಿಂದಿನಿಂದ ದನಿ ಬಂತು.

"ಅಮ್ಮಾ! ಎಲ್ಲಿಗೆ ಹೋಗ್ತಿದೀಯ? ಬಾ ಇಲ್ಲಿ, ಸೈನ್ ಹಾಕ್ಬೇಕು!"

ನಾನು ಅತ್ತ ಹೋಗುತ್ತಲೇ ಇವಳು ಎದ್ದು ಹೋಗಿ, "ಮೇಡಂ, ನಮಗೆ ಇಷ್ಟು ಕಟ್ಟೋಕಾಗಲ್ಲ. ಬೇರೆ ಏನಾದ್ರೂ ದಾರಿ ಇದೆಯಾ?" ಎಂದು ನೇರವಾಗಿ ಕೇಳಿದ್ದಳಂತೆ. ಇತ್ತು. ಒಳ್ಳೆಯ ಅಂಕ ಬಂದ ಹೊರರಾಜ್ಯದವರು ಅರ್ಜಿ ಹಾಕಿದರೆ ಆ ಹೆಚ್ಚುವರಿ ಫೀಸು ಬಿಡುತ್ತಾರೆ, ಪ್ರತಿ ವರ್ಷ ಅಂಕ ಉಳಿಸಿಕೊಳ್ಳಬೇಕು ಅಷ್ಟೇ. ಜೊತೆಗೆ ಸಂಜೆ ಪ್ರಯೋಗಾಲಯದಲ್ಲಿ ಕೆಲಸ ಮಾಡಿದರೆ ಹಾಸ್ಟೆಲ್ಲಿನ ಊಟಕ್ಕಾಗುತ್ತದೆ. ಎಲ್ಲವೂ ವೆಬ್‌ಸೈಟಿನಲ್ಲೇ ಇತ್ತಂತೆ, ಇಡೀ ವಂಶದಲ್ಲಿ ಒಬ್ಬರೂ ಪುಟದ ಅಷ್ಟು ಕೆಳಗಿನವರೆಗೆ ಓದಿರಲಿಲ್ಲ. ನಾನು ಅಭ್ಯಾಸಬಲದಿಂದ, ಏನೋ ಪಾಪ ಎಂದು ಒಪ್ಪಿಕೊಂಡವಳ ಹಾಗೆ ಮುಖ ಬಿಗಿದುಕೊಂಡೇ ಅರ್ಜಿಗೆ ಸೈನ್ ಹಾಕಿ ಉಳಿದ ಫೀಸು ಕಟ್ಟಿದೆ. ಹೊರಗೆ ಬಂದು, ಕಾವಲುಗಾರ ನೋಡುತ್ತಿದ್ದರೂ ಲೆಕ್ಕಿಸದೆ, ಅವಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಊರಿಗೆ ಬಂದ ಮೇಲೆ ಯಡಿಯೂರಿನ ಅತ್ತೆಗೆ ಫೋನಿನಲ್ಲಿ, "ಎದ್ದು ಬಂದೆ ನೋಡಿ, ಹಿಂದಿನಿಂದ ಕರೆದು ಕಮ್ಮಿ ಮಾಡಿದ್ರು" ಎಂದೆ. ಕರೆದವರು ಯಾರೆಂದು ಅತ್ತೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ತಿಂಗಳು ಸಿಂಚನಾಳನ್ನು ಹಾಸ್ಟೆಲ್ಲಿಗೆ ಬಿಡಲು ಗಂಡ ಹೆಂಡತಿ ಇಬ್ಬರೂ ಹೋದೆವು. ಹಾಸ್ಟೆಲ್ಲಿನ ಕಾಗದಪತ್ರ ಮುಗಿಸಿ ಆಫೀಸಿನ ಬಾಗಿಲಲ್ಲೇ ಚಕ್ಕುಲಿ ಡಬ್ಬ ಕೊಟ್ಟೆ, ಬುದ್ಧಿ ಹೇಳಿದೆ, ಇನ್ನು ಹೇಳುವುದಕ್ಕೆ ಏನೂ ಉಳಿಯದಿದ್ದಾಗ ಹೊರಟೆ. ನನಗೇ ಗೊತ್ತಿಲ್ಲದೆ ಅದೇ ಹಳೆಯ ನಡಿಗೆ ಬಂದಿತ್ತು. ವರಾಂಡ, ಮೆಟ್ಟಿಲು, ಆ ಮರ. ಚಪ್ಪಲಿಯಲ್ಲಿ ಕಲ್ಲಿತ್ತೋ ಇಲ್ಲವೋ, ನಿಂತು ತೆಗೆದೆ. ಯಾವತ್ತೂ ದೂರ ನಿಲ್ಲುವ ನನ್ನ ಗಂಡ ಅಂದು ಪಕ್ಕದಲ್ಲೇ ನಿಂತು, "ಇನ್ನೂ ಸ್ವಲ್ಪ ನಿಧಾನ ನಡಿ" ಎಂದರು. ಕಾವಲುಗಾರ ಗೇಟು ತೆರೆದ. ತಿರುಗಿ ನೋಡಿದರೆ ಅವಳು ಆಗಲೇ ಯಾರೋ ಹೊಸ ಹುಡುಗಿಯ ಜೊತೆ ನಗುತ್ತಾ ದೋಣಿ ಇರುವ ಕಡೆಗೆ ಹೋಗುತ್ತಿದ್ದಳು. ಒಂದೇ ಒಂದು ಸಲ ಕರೆದಿದ್ದರೆ, ದೇವರಾಣೆಗೂ, ಒಂದು ಮಾತೂ ಚೌಕಾಸಿ ಮಾಡದೆ ವಾಪಸ್ಸು ಓಡುತ್ತಿದ್ದೆ.