ಕಣ್ಣು ಬಿಟ್ಟ ಹೆಣ

ತಪ್ಪು ಹುಡುಕುವುದು ಹಲವರಿಗೆ ಚಟ. ನನಗೆ ಅದು ಹೊಟ್ಟೆಪಾಡು. ವರ್ಜೀನಿಯಾದ ಸ್ಟರ್ಲಿಂಗ್‌ನಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರನ್ನು ಪರೀಕ್ಷಿಸಿ "ಇಲ್ಲಿ ಸರಿಯಿಲ್ಲ, ಅಲ್ಲೂ ಸರಿಯಿಲ್ಲ" ಎಂದು ಹೇಳುವುದಕ್ಕೇ ನನ್ನನ್ನು ಇಟ್ಟುಕೊಂಡಿದ್ದಾರೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಬಾಯಿಯನ್ನೂ ಮುಚ್ಚಬೇಕೆಂಬುದು ನನ್ನ ಯಜಮಾನರ ಬಹುದಿನದ ಬೇಡಿಕೆ. ಅದು ನನ್ನ ಕೈಲಾಗುವುದಿಲ್ಲ. ಮದುವೆಮನೆಯಲ್ಲಿ ತೋರಣ ಸೊಟ್ಟಗಿದ್ದರೆ ನನಗೆ ಊಟ ಸೇರುವುದಿಲ್ಲ. ಕನ್ನಡ ಕೂಟದ ರಾಜ್ಯೋತ್ಸವದ ನಾಟಕಕ್ಕೆ ಈ ಸಲ ಉತ್ಸಾಹದಿಂದ ಹೆಸರು ಕೊಟ್ಟೆ. ಮೊದಲ ರಿಹರ್ಸಲ್‌ನಲ್ಲೇ ಎಲ್ಲರ ಮಾತು, ನಡಿಗೆ, ನಿಲುವು ತಿದ್ದಿದೆ, ನಿರ್ದೇಶಕರನ್ನೂ ಬಿಡಲಿಲ್ಲ. ಎರಡನೆಯ ರಿಹರ್ಸಲ್‌ಗೆ ಹೋಗುವಷ್ಟರಲ್ಲಿ, ಮನೆಯ ಒಡತಿಯ ಪಾತ್ರ ಮಾಡಬೇಕಿದ್ದ ನಾನು ಪರದೆ ಏಳುವ ಮೊದಲೇ ತೀರಿಕೊಂಡಿದ್ದೆ. "ಮೇಡಂ, ಇಡೀ ನಾಟಕ ನಿಮ್ಮ ಸುತ್ತಾನೇ ನಡಿಯತ್ತೆ. ನೀವು ಸುಮ್ನೆ ಮಲಗಿದ್ರೆ ಸಾಕು," ಅಂದರು ನಿರ್ದೇಶಕರು. 'ಸುಮ್ನೆ' ಎಂಬುದನ್ನು ಸ್ವಲ್ಪ ಒತ್ತಿಯೇ ಹೇಳಿದರು.

ಈ ಅವಮಾನ ಇನ್ನೂ ಹಸಿಯಾಗಿದ್ದಾಗಲೇ ಒಂದು ಶನಿವಾರ ಪಕ್ಕದ ಮನೆಯ ಡಾಕ್ಟರ್ ಕ್ಲಾರೆನ್ಸ್ ಒಂದು ಡಿವಿಡಿ ಹಿಡಿದುಕೊಂಡು ಬಂದರು. ಅವರು ನಿವೃತ್ತ ದಂತವೈದ್ಯರು, ಕಪ್ಪು ಅಮೆರಿಕನ್ನರು, ಒಬ್ಬರೇ ಇರುತ್ತಾರೆ. ಕೋವಿಡ್ ಕಾಲದಲ್ಲಿ ಬೇಲಿಯ ಆಚೆಗೊಬ್ಬರು ಈಚೆಗೊಬ್ಬರು ನಿಂತು ಶುರುವಾದ ಸ್ನೇಹ ನಮ್ಮದು. ನಾನು ಕೊಟ್ಟ ಬಿಸಿಬೇಳೆಬಾತಿನಲ್ಲಿ ಉಪ್ಪು ಹೆಚ್ಚಾಗಿದ್ದರೂ "ಅದ್ಭುತ" ಎಂದು ತಿನ್ನುವ ಏಕೈಕ ಮನುಷ್ಯ. ಅಂಥವರನ್ನು ಕಳೆದುಕೊಳ್ಳಬಾರದೆಂದು ನನಗೂ ಗೊತ್ತಿದೆ. ಅವರು ತಂದದ್ದು ಎಪ್ಪತ್ತರ ದಶಕದ ಒಂದು ಪತ್ತೇದಾರಿ ಸಿನಿಮಾ. ಕಪ್ಪು ಜನರೇ ನಾಯಕರಾಗಿ, ಚಿಲ್ಲರೆ ದುಡ್ಡಿನಲ್ಲಿ, ಹೊಡೆದಾಟ ಬಡಿದಾಟ ತುಂಬಿಸಿ ತೆಗೆಯುತ್ತಿದ್ದ ಇಂಥ ಚಿತ್ರಗಳಿಗೆ 'ಬ್ಲ್ಯಾಕ್ಸ್‌ಪ್ಲಾಯ್ಟೇಶನ್' ಎನ್ನುತ್ತಾರೆಂದು ಯಜಮಾನರು ವಿವರಿಸಿದರು. ಅವರಿಗೆ ಇಂಥದ್ದೆಲ್ಲ ಪ್ರಾಣ. ಸಿನಿಮಾದ ಹೆಸರು ಹೇಳಲಾರೆ. ಹೇಳಿದರೆ ನೀವೂ ಹುಡುಕಿಕೊಂಡು ನೋಡುತ್ತೀರಿ, ಆ ಪಾಪ ನನಗೆ ಬೇಡ. ಬೇಸ್‌ಮೆಂಟಿನಲ್ಲಿ ಮೂವರೂ ಚುರುಮುರಿ ಬಟ್ಟಲು ಹಿಡಿದು ಕೂತೆವು.

ಅಯ್ಯೋ, ಏನು ಹೇಳಲಿ! ನಾಯಕ ವಾಷಿಂಗ್ಟನ್ನಿನ ಆಗಸ್ಟ್ ಸೆಕೆಯಲ್ಲಿ ನೇರಳೆ ಬಣ್ಣದ ವೆಲ್ವೆಟ್ ಕೋಟು ತೊಟ್ಟುಕೊಂಡು ಓಡಾಡುತ್ತಾನೆ. ಕಿಟಕಿಯಿಂದ ಹಾರುವಾಗ ಮೀಸೆ ಇರುತ್ತದೆ, ಕೆಳಗೆ ಬೀಳುವಾಗ ಇರುವುದಿಲ್ಲ. ಮಾತಾಡುವವರ ತಲೆಯ ಮೇಲೆ ಹಲ್ಲಿಯ ಹಾಗೆ ಮೈಕು ಇಣುಕುತ್ತದೆ. ಖಳನಾಯಕನ ಬಂಗಲೆ ಎಂದು ತೋರಿಸಿದ್ದು ಯಾವುದೋ ಫರ್ನಿಚರ್ ಅಂಗಡಿ. ಅವನು ಗುಡುಗುತ್ತ ಕೂತ ಸೋಫಾದಲ್ಲಿ ಬೆಲೆಚೀಟಿ ನೇತಾಡುತ್ತಿತ್ತು. ಕಾರ್ ಚೇಸಂತೂ ಕೇಳಲೇಬೇಡಿ. ರಸ್ತೆ ಮುಚ್ಚಿಸಲು ದುಡ್ಡಿರಲಿಲ್ಲವೋ ಏನೋ, ಕೆಂಪು ದೀಪ ಬಿದ್ದಾಗ ಓಡುತ್ತಿದ್ದ ಕಳ್ಳನೂ ನಿಂತ, ಅಟ್ಟಿಸಿಕೊಂಡು ಬಂದ ಪತ್ತೇದಾರನೂ ನಿಂತ. ಹಸಿರು ಬಂದ ಮೇಲೆ ಇಬ್ಬರೂ ಸಭ್ಯವಾಗಿ ಹೊರಟರು. ನಾನು ಒಂದೊಂದನ್ನೂ ಬೆರಳಿಟ್ಟು ತೋರಿಸಿದೆ. ತೋರಿಸಿದಾಗೆಲ್ಲ ಯಜಮಾನರು ತೊಡೆ ತಟ್ಟಿ, "ಅದೇ ಕಣೇ ಅದರ ಚಾರ್ಮು!" ಅನ್ನುತ್ತಿದ್ದರು. ಮೊನ್ನೆ ದೋಸೆ ಸೀದಾಗ ಈ ಚಾರ್ಮು ಇವರ ಕಣ್ಣಿಗೆ ಯಾಕೆ ಬೀಳಲಿಲ್ಲವೋ!

ಅಷ್ಟರಲ್ಲಿ ಗುಂಡಿನ ಕಾಳಗವಾಗಿ, ದೊಡ್ಡ ಗುಂಗುರು ಕೂದಲಿನ ಬಡಕಲು ಹುಡುಗನೊಬ್ಬ ಎದೆ ಹಿಡಿದುಕೊಂಡು ಸತ್ತುಬಿದ್ದ. ಕ್ಯಾಮೆರಾ ಅವನ ಮುಖದ ಹತ್ತಿರ ಹೋಯಿತು. ಹೆಣ ಒಂದು ಕಣ್ಣು ಬಿಟ್ಟು, ಸುತ್ತ ನೋಡಿ, ಮತ್ತೆ ಮುಚ್ಚಿತು. ನನಗೆ ತಡೆಯಲಾಗಲಿಲ್ಲ. "ನೋಡಿ ನೋಡಿ, ಹೆಣಕ್ಕೂ ಬೇಜಾರಾಗಿದೆ! ಎಂಥ ದಂಡಪಿಂಡನನ್ನ ಹಿಡ್ಕೊಂಡು ಬಂದಿದ್ದಾರೆ! ಸಾಯೋದಕ್ಕೂ ಬರದವನು ಆ್ಯಕ್ಟಿಂಗಿಗೆ ಯಾಕೆ ಬರಬೇಕಿತ್ತು?" ಎಂದೆ. ಡಾಕ್ಟರಿಗೆ ಅರ್ಥವಾಗಲೆಂದು ಇಂಗ್ಲಿಷಿನಲ್ಲೂ ಸವಿಸ್ತಾರವಾಗಿ ಹೇಳಿದೆ. ಅವರು ಬಟ್ಟಲು ಕೆಳಗಿಟ್ಟು, "ಅದು ನಾನೇ," ಅಂದರು. ಸಿನಿಮಾ ಮುಗಿದ ಮೇಲೆ ಥ್ಯಾಂಕ್ಸ್ ಹೇಳಿ ಮನೆಗೆ ಹೊರಟುಬಿಟ್ಟರು. ಚುರುಮುರಿ ಅರ್ಧ ಹಾಗೇ ಉಳಿದಿತ್ತು. "ಈಗ ಹುಡುಕು ತಪ್ಪನ್ನ," ಅಂದರು ಯಜಮಾನರು.

ನಾಚಿಕೆಯಿಂದ ನನಗೆ ಜೀವ ಹಿಡಿಯಾಗಿತ್ತು. ಮರುದಿನ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋದವಳು ದೇವರ ಮುಂದೆ ನಿಂತರೂ ಕಣ್ಣೆದುರು ಆ ಬಟ್ಟಲೇ ಬರುತ್ತಿತ್ತು. ಕ್ಯಾಂಟೀನಿನಲ್ಲಿ ಪುಳಿಯೋಗರೆ ಕಟ್ಟಿಸಿಕೊಂಡು ಬಂದು ಡಾಕ್ಟರ ಬಾಗಿಲು ತಟ್ಟಿದೆ. ತಪ್ಪಾಯಿತು ಎಂದೆ. ಬೇರೆಯವರಿಂದ ದಿನವೂ ಹೇಳಿಸುವ ಮಾತು ಸ್ವಂತ ಬಾಯಲ್ಲಿ ಬರುವಾಗ ಬಹಳ ಒರಟು. ಅವರು ಒಳಗೆ ಕರೆದು ಕೂರಿಸಿದರು. "ನೀವು ಹೇಳಿದ್ದು ಸರಿಯೇ, ಕೆಟ್ಟ ನಟನೆ," ಅಂದರು. "ಇರುವೆ ಕಚ್ಚಿತ್ತು. ಇನ್ನೊಂದು ಸಲ ತೆಗೆಯೋಣ ಅಂದರೆ ಫಿಲ್ಮಿಗೆ ದುಡ್ಡಿರಲಿಲ್ಲ."

ಆಮೇಲೆ ಅವರ ತಾಯಿಯ ವಿಷಯ ಹೇಳಿದರು. ಪೊಲೀಸರ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವ, ಕೊನೆಗೆ ಗೆಲ್ಲುವ ತಮ್ಮವನೊಬ್ಬನನ್ನು ಪರದೆಯ ಮೇಲೆ ನೋಡುವುದೇ ಆಗ ಒಂದು ಹಬ್ಬವಂತೆ. ಅದರಲ್ಲಿ ಮಗನೂ ಇದ್ದಾನೆಂದು ಆ ತಾಯಿ ಭಾನುವಾರದ ಟೋಪಿ ಧರಿಸಿ, ಚರ್ಚಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಥಿಯೇಟರಿಗೆ ಬಂದರಂತೆ. ತಾನು ಸಾಯುತ್ತೇನೆಂದು ಈ ಪುಣ್ಯಾತ್ಮ ಮೊದಲೇ ಹೇಳಿರಲಿಲ್ಲ. ಗುಂಡು ಬಿದ್ದದ್ದೇ ತಾಯಿ ಕಿಟಾರನೆ ಕಿರುಚಿದರಂತೆ. ಆಗ ಹೆಣ ಕಣ್ಣು ಬಿಟ್ಟಿತು. "ನನ್ನ ಮಗ ಸತ್ತಿಲ್ಲ! ನೋಡಿ, ಬದುಕಿದ್ದಾನೆ!" ಎಂದು ಎದ್ದುನಿಂತರಂತೆ. ಇಡೀ ಥಿಯೇಟರ್ ಚಪ್ಪಾಳೆ ಹೊಡೆಯಿತಂತೆ. "ನಿನ್ನೆ ಅಮ್ಮನ ಹುಟ್ಟುಹಬ್ಬ. ಒಬ್ಬನೇ ಕೂತು ನೋಡೋದು ಬೇಡ ಅನ್ನಿಸಿತು," ಅಂದರು. ನಾನು ಅತ್ತುಬಿಟ್ಟೆ. ಆದರೆ ಸೋಫಾದ ಬೆಲೆಚೀಟಿಯ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದು ಶುದ್ಧ ಬೇಜವಾಬ್ದಾರಿ.

ಕೂಟದ ನಾಟಕದಲ್ಲಿ ನಾನೂ ಹೆಣವೇ ಎಂದಾಗ ಅವರ ಮುಖ ಅರಳಿತು. ನಮ್ಮ ಸ್ನೇಹ ಉಳಿಯಿತೆಂದು ನನಗೆ ಗೊತ್ತಾದದ್ದೂ ಆಗಲೇ. ಹೊಟ್ಟೆಯಿಂದ ಮೆಲ್ಲಗೆ ಉಸಿರಾಡಬೇಕು, ಪರದೆ ಬೀಳುವ ತನಕ ಕುತೂಹಲ ಇಟ್ಟುಕೊಳ್ಳಬಾರದು ಎಂದು ಪಾಠ ಹೇಳಿಕೊಟ್ಟರು. ರಾಜ್ಯೋತ್ಸವದ ದಿನ ಯಜಮಾನರ ಪಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಚಾಪೆಯ ಮೇಲೆ ಎಂಥ ಸೊಗಸಾಗಿ ಸತ್ತಿದ್ದೆ ಅಂತೀರಿ! ಮೂಗಿನ ಮೇಲೆ ನೊಣ ಕೂತರೂ ಅಲ್ಲಾಡಲಿಲ್ಲ. ಮಗನ ಪಾತ್ರದವನು ನನ್ನ ಮೇಲೆ ಬಗ್ಗಿ, "ಅಮ್ಮಾ, ನಮ್ಮನ್ನೆಲ್ಲ ಅನಾಥರನ್ನಾಗಿ ಮಾಡಿ ಹೋದೆಯಾ!" ಎಂದು ಗೋಳಾಡಿದ. ಮುಂದಿನ ಮಾತು ಮರೆತುಹೋಯಿತು. ಮತ್ತೆ ಅದನ್ನೇ ಹೇಳಿದ. ಮತ್ತೊಮ್ಮೆ ಹೇಳಿದ. ಸಭೆಯಲ್ಲಿ ಪಿಸುಪಿಸು ಶುರುವಾಯಿತು. ನಾನು ಹಲ್ಲು ಕಚ್ಚಿಕೊಂಡೆ. ನಾಲ್ಕನೆಯ ಸಲ ಅನಾಥನಾದಾಗ ನನ್ನಿಂದಾಗಲಿಲ್ಲ.

"ಬೀರುವಿನ ಬೀಗದ ಕೈ ಎಲ್ಲಿಟ್ಟೆ ಅಂತ ಕೇಳೋ, ದಡ್ಡ ಮುಂಡೇದೇ!" ಎಂದೆ.

ಪಿಸುಗುಟ್ಟಿದ್ದೇನೋ ನಿಜ. ಆದರೆ ಅವನ ಕಾಲರ್ ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ಇಡೀ ಸಭಾಂಗಣಕ್ಕೆ ಕೇಳಿಸಿತು. ಆಗ ಮುಂದಿನ ಸಾಲಿನಲ್ಲಿ, ಕನ್ನಡದ ಒಂದಕ್ಷರವೂ ಬಾರದ ಡಾಕ್ಟರ್ ಕ್ಲಾರೆನ್ಸ್ ಎದ್ದುನಿಂತು, ಎರಡೂ ಕೈ ಮೇಲೆತ್ತಿ, "ಸತ್ತಿಲ್ಲ! ನೋಡಿ, ಬದುಕಿದ್ದಾರೆ!" ಎಂದು ಇಂಗ್ಲಿಷಿನಲ್ಲಿ ಕೂಗಿದರು. ಅವರ ಕಣ್ಣಲ್ಲಿ ನೀರಿತ್ತು. ನಗುವಿನದೋ, ಅಮ್ಮನ ನೆನಪಿನದೋ ನಾನು ಕೇಳಿಲ್ಲ. ನೀರಿದ್ದದ್ದು ನನಗೆ ಹೇಗೆ ಗೊತ್ತೆಂದರೆ, ಆಗ ನಾನೂ ಕಣ್ಣು ಬಿಟ್ಟಿದ್ದೆ.

ಮನೆಗೆ ಬರುವಾಗ ಕಾರಿನಲ್ಲಿ ಯಜಮಾನರು ಒಂದೇ ಮಾತು ಹೇಳಿದರು. ಯಾವುದೆಂದು ನಿಮಗೆ ಗೊತ್ತು, ಅದೇ ಚಾರ್ಮಿನ ಮಾತು. ನಿರ್ದೇಶಕರೂ ಫೋನ್ ಮಾಡಿದ್ದರು. ಮುಂದಿನ ವರ್ಷ ನನಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋದ ಪಾತ್ರವಂತೆ. ನಾನು ಸಭಾಂಗಣಕ್ಕೆ ಬರುವ ಅಗತ್ಯವೂ ಇಲ್ಲವಂತೆ. ಒಪ್ಪಿಕೊಂಡಿದ್ದೇನೆ. ಹಾರ ಸೊಟ್ಟಗಿದ್ದರೆ ಮಾತ್ರ ಫೋಟೋ ಮಾತಾಡುತ್ತದೆ ಎಂದು ಈಗಲೇ ತಿಳಿಸಿದ್ದೇನೆ.