ಮೂರು ಸಲ ಬೇಡ ಅಂದ ಮೇಲೆ

ನಾನು ಸುಮ್ಮನಿದ್ದರೂ ಪಜೀತಿಗಳೆಲ್ಲ ನನ್ನನ್ನೇ ಹುಡುಕ್ಕೊಂಡು ಬರ್ತವೆ. ಅಂಥಾದ್ರಲ್ಲಿ ಐರ್ಲೆಂಡಿನ ಈ ಕಾರ್ಕ್ ಊರಲ್ಲಿ, ಹಾಲಿಹಿಲ್ ಏರಿಯಾದ ಆಫೀಸು ಮುಗಿಸಿ, ನಲವತ್ತೊಂಬತ್ತನೇ ವಯಸ್ಸಲ್ಲಿ, ಕಾಮಿಡಿ ಕ್ಲಾಸಿಗೆ ಬೇರೆ ಸೇರಿದೆ. ಕೇಳ್ಬೇಕಾ!

ಸಿಲೆಬಸ್

ಇಂಪ್ರಾವ್ ಅಂದ್ರೆ ಸ್ಕ್ರಿಪ್ಟೇ ಇಲ್ಲದ ಹಾಸ್ಯ ನಾಟಕ. ಇಬ್ಬರು ಸ್ಟೇಜ್ ಮೇಲೆ ನಿಂತು ಆ ಕ್ಷಣಕ್ಕೆ ಹೊಳೆದದ್ದನ್ನ ಆಡ್ಬೇಕು. ಆರು ವಾರದ ಕೋರ್ಸು, ಕೊನೆಗೊಂದು ಶೋ. ಕಲಿಸೋರು ಕೆನಡಾದಿಂದ ಹೊಸದಾಗಿ ಬಂದ ಟೀಚರಮ್ಮ. ಸೇರೋ ಮುಂಚೆ ಫೋನ್ ಮಾಡಿ, "ಮೇಡಂ, ಸಿಲೆಬಸ್ ಕಳಿಸ್ತೀರಾ? ಹಳೇ ಕ್ವೆಶ್ಚನ್ ಪೇಪರ್ ಇದ್ರೆ ಇನ್ನೂ ಒಳ್ಳೇದು" ಅಂದೆ.

"ಏನೂ ತಯಾರಿ ಬೇಡ, ಖಾಲಿ ಕೈಲಿ ಬನ್ನಿ" ಅಂದ್ರು.

ಬೆಂಗಳೂರಲ್ಲಿ ಓದಿದೋನು ನಾನು, ಪರೀಕ್ಷೆಗೆ ಖಾಲಿ ಕೈಲಿ ಹೋಗ್ತೀನಾ? ಆರು ಪುಟ ಡೈಲಾಗ್ ಬರೆದು ಬಾಯಿಪಾಠ ಮಾಡ್ಕೊಂಡು ಹೋದೆ. ಮೊದಲ ದಿನ ಆಡಿಸಿದ್ದು ಮೂಕಾಭಿನಯ.

ನಮ್ಮಣ್ಣನ ನಂಬರ್

ಈ ಆಟಕ್ಕೆ ಒಂದೇ ರೂಲ್ಸು. ಜೊತೆಗಾರರು ಏನೇ ಅಂದ್ರೂ "ಹೌದು" ಅಂತ ಒಪ್ಪಿ, ಅದಕ್ಕೆ ಇನ್ನೊಂದು ಸೇರಿಸ್ಬೇಕು. "ಇಲ್ಲ", "ಬೇಡ" ಅಂದ್ರೆ ಸೀನ್ ಅಲ್ಲಿಗೇ ಖತಂ.

ನನಗೆ ಜೋಡಿ ಸಿಕ್ಕಿದ್ದು ಪೋಸ್ಟ್ ಆಫೀಸಿಂದ ರಿಟೈರ್ ಆದ ಒಬ್ಬ ಕಾರ್ಕ್ ಅಜ್ಜಿ. ಕುಂಟ್ತಾ ಬಂದು, "ಡಾಕ್ಟ್ರೇ, ಮಂಡಿ ನೋಡಿ" ಅಂದ್ರು.

"ಛೇ, ನಾನು ಡಾಕ್ಟ್ರಲ್ಲ. ನಮ್ಮಣ್ಣ ಡಾಕ್ಟ್ರು, ಡಬ್ಲಿನ್ ಹತ್ರ ಟಾಲಾದಲ್ಲಿದ್ದಾನೆ. ನಂಬರ್ ಕೊಡ್ಲಾ?" ಅಂದೆ. ಅಣ್ಣನ ಮಾತು ಬಂದ್ರೆ ನನ್ನ ಬಾಯಿ ನಿಲ್ಲಲ್ಲ, ಏನ್ಮಾಡ್ಲಿ! ಟೀಚರಮ್ಮ ತಲೆ ಮೇಲೆ ಕೈ ಇಟ್ಕೊಂಡು, "ಹೀಗೇ ಆದ್ರೆ ಶೋಗೆ ಸೇರಿಸಲ್ಲ" ಅಂದ್ರು.

ಕ್ಲಾಸ್ ಮುಗಿದ ಮೇಲೆ ಅಜ್ಜಿ ಮೆಲ್ಲಗೆ ಹತ್ತಿರ ಬಂದ್ರು. ಮಂಡಿ ನಿಜವಾಗ್ಲೂ ನೋವಂತೆ. ನಂಬರ್ ಇಸ್ಕೊಂಡು ಹೋದ್ರು.

ಮನೇಲಿ ಪ್ರಾಕ್ಟೀಸ್

ಶೋ ಅಂದ್ರೆ ನನಗೆ ಬರೀ ಶೋ ಅಲ್ಲ. ನನ್ನ ಮಗಳಿಗೆ ಹದಿನಾಲ್ಕು, ಹುಟ್ಟಿದ್ದು ಇಲ್ಲೇ. "ಬರ್ತೀನಿ ಅಬ್ಬು, ಬಟ್ ಹಿಂದೆ ಕೂತ್ಕೋತೀನಿ. ನಾನು ನಿಮ್ಮ ಮಗಳು ಅಂತ ಹೇಳ್ಬೇಡಿ, ಫ್ರೆಂಡ್ಸ್ ಇರ್ತಾರೆ" ಅಂದಿದ್ದಳು. ಒಂದೇ ಒಂದು ಸಲ ಅವಳು ನಾಲ್ಕು ಜನರ ಮುಂದೆ "ಇವರು ನಮ್ಮ ಅಬ್ಬು" ಅನ್ಬೇಕು, ಅಷ್ಟೇ ನನ್ನಾಸೆ.

ಅದಕ್ಕೇ ಮನೇಲೂ ಎಲ್ಲದಕ್ಕೂ "ಹೌದು" ಅನ್ನೋಕೆ ಶುರು ಮಾಡಿದೆ. ಮಗಳು ಬಿಡ್ತಾಳಾ? "ಅಬ್ಬು, ಹೊಸ ಫೋನು?" ಹೌದು, ಕವರ್ ಜೊತೆಗೆ. "ಕೂದಲಿಗೆ ನೀಲಿ ಬಣ್ಣ?" ಹೌದು, ಹುಬ್ಬಿಗೂ ಹಾಕ್ಕೋ. "ಗ್ರ್ಯಾಂಡ್!" ಅಂತ ಕುಣಿದಳು.

ಅಡುಗೆಮನೆಯಿಂದ ಹೆಂಡತಿ ಹೊರಗೆ ಬಂದಳು. "ರೂಲ್ಸು ನಿಮ್ಮ ಕ್ಲಾಸಿಗೆ. ಈ ಮನೇಲಿ ಬೇಡ ಅನ್ನೋ ಕೆಲಸ ನಂದು, ನಾನಿನ್ನೂ ರಿಟೈರ್ ಆಗಿಲ್ಲ."

ಅರ್ಧ ಕಪ್

ಹೆಂಗೋ ಗೋಗರೆದು ಶೋಗೆ ಸೇರ್ಕೊಂಡೆ. ಹಾಲ್ ತುಂಬಿತ್ತು. ಹಿಂದಿನ ಸಾಲಲ್ಲಿ ಮಗಳು, ಮುಖದ ಮೇಲೆ ಟೋಪಿ ಎಳ್ಕೊಂಡು. "ಪಕ್ಕದ ಮನೆಗೆ ಹೋಗೋ ಸೀನ್ ಮಾಡಿ" ಅಂತ ಜನ ಕೇಳಿದ್ರು.

ಅಜ್ಜಿ ಬಾಗಿಲು ತೆಗೆದು, "ಬಾರಪ್ಪಾ, ಟೀ ಕುಡಿ" ಅಂದ್ರು.

ಎಲ್ಲಾ ಮರೆತುಹೋಯ್ತು. ಚಿಕ್ಕಂದಿನಲ್ಲಿ ಯಾರ ಮನೇಲಾದ್ರೂ ಮೂರು ಸಲ ಬೇಡ ಅನ್ನದೆ ಲೋಟ ಮುಟ್ಟಿದ್ರೆ, ಅಮ್ಮಿ ತೊಡೆ ಚಿವುಟ್ತಿದ್ರು. ನಾಲಿಗೆ ತಾನಾಗೇ, "ಅಯ್ಯೋ ಬೇಡ, ಈಗಷ್ಟೇ ಆಯ್ತು" ಅಂತು. ಟೀಚರಮ್ಮನ ಮುಖ ಬಿಳಿಚಿಕೊಂಡಿತು.

ಅಜ್ಜಿ ಬಿಡ್ಬೇಕಲ್ಲ! "ಕುಡೀತೀಯ."

"ಬೇಡ, ನಿಮಗ್ಯಾಕೆ ತೊಂದ್ರೆ."

"ಕುಡೀಲೇಬೇಕು!"

"ಬೇಡಮ್ಮಾ, ನಿಜವಾಗ್ಲೂ."

"ಸ್ಟೌವ್ ಆಗ್ಲೇ ಹಚ್ಚಾಯ್ತು!"

"ಹಂಗಾದ್ರೆ, ನೀವಿಷ್ಟು ಹೇಳ್ತೀರಂತ, ಅರ್ಧ ಕಪ್."

ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಆಮೇಲೆ ಗೊತ್ತಾಯ್ತು, ಕಾರ್ಕಿನ ಮನೆಮನೇಲೂ ಇದೇ ನಾಟಕ ಅಂತ. ಗೊತ್ತಿಲ್ಲದೋರು ಕೆನಡಾದ ಟೀಚರಮ್ಮ ಒಬ್ಬರೇ.

ಚಪ್ಪಾಳೆ ನಿಲ್ಲೋ ಮುಂಚೆ ಅವರೇ ಸ್ಟೇಜಿಗೆ ಬಂದು, "ನಮ್ಮ ತಂಡಕ್ಕೆ ಸೇರ್ತೀರಾ?" ಅಂದ್ರು. ಖುಷಿಗೆ ಎದೆ ಒಡೆದುಹೋಗೋ ಹಂಗಾಯ್ತು. "ಅಯ್ಯೋ ಬೇಡ ಬೇಡ, ನನ್ನಂಥೋನು ಯಾಕೆ" ಅಂತ ಹೇಳಿ, ಇನ್ನೊಂದು ಸಲ ಕೇಳ್ತಾರೆ ಅಂತ ಕಾಯ್ತಾ ನಿಂತೆ.

ಅವರು "ಓಹ್, ಸರಿ ಬಿಡಿ" ಅಂತ ಹೊರಟೇಬಿಟ್ರು!

ಹೋಯ್ತಲ್ಲಪ್ಪಾ ಅಂತ ನಾನು ಕಣ್ಣು ಕಣ್ಣು ಬಿಡ್ತಿರುವಾಗ ಹಿಂದಿನ ಸಾಲಲ್ಲಿ ಮಗಳು ಕುರ್ಚಿ ಮೇಲೆ ಹತ್ತಿ ನಿಂತಳು. ಟೋಪಿ ಕೈಯಲ್ಲಿತ್ತು. ಫ್ರೆಂಡ್ಸ್ ಎಲ್ಲರ ಮುಂದೆ, ಪಕ್ಕಾ ಕಾರ್ಕ್ ಇಂಗ್ಲಿಷಲ್ಲಿ ಕೂಗಿದಳು:

"ಮಿಸ್, ಅವರು ನಮ್ಮ ಅಬ್ಬು! ಇನ್ನು ಮೂರು ಸಲ ಕೇಳಿ, ಬರ್ತಾರೆ!"