ಅಕ್ಕನಿಗೆ ತಂದ ಶಂಖ

ಕುಮಟೆಯ ಕಡೆ, ಸಮುದ್ರದಂಚಿನಲ್ಲಿ ನಮ್ಮ ಅಜ್ಜಿಮನೆ. ಬೇಸಿಗೆ ರಜೆಗೆ ಘಟ್ಟ ಇಳಿದುಹೋದರೆ ನನಗೂ ಅಕ್ಕನಿಗೂ ಒಂದೇ ಉದ್ಯೋಗ, ಚಿಪ್ಪು ಹೆಕ್ಕುವುದು. ಮೊದಲು ಕಂಡವರಿಗೇ ಮಾಲು ಎಂಬುದು ಕಾನೂನು. ಒಂದು ದಿನ ಅಕ್ಕ ಮರಳಲ್ಲಿ ಶಂಖ ಕಂಡು ಬೆರಳು ತೋರಿಸಿದಳು. ನಾನು ಓಡಿಹೋಗಿ ಎತ್ತಿಕೊಂಡು, ಮೊದಲು ಕಂಡವನು ನಾನೇ ಎಂದು ಅಜ್ಜಿಯ ಮುಂದೆ ಆಣೆ ಇಟ್ಟೆ. ಅಜ್ಜಿ ನಂಬಿದಳು. ಆ ವಿದ್ಯೆ ನನಗೆ ಆಗಲೇ ಸಿದ್ಧಿಸಿತ್ತು.

ಈಗ ನನಗೆ ಐವತ್ತೆಂಟು. ವಾನಳ್ಳಿಗೆ ಮದುವೆಯಾಗಿ ಹೋದ ಅಕ್ಕ ನಾಲ್ಕು ವರ್ಷದಿಂದ ಶಿರಸಿಯ ನನ್ನ ಮನೆಗೆ ಕಾಲಿಟ್ಟಿಲ್ಲ. ಫೋನು ಮಾಡಿದರೆ ಹಾಂ, ಹೂಂ, ಅಷ್ಟೇ. ಬಹಳ ಯೋಚಿಸಿ ಕಾರಣ ಪತ್ತೆಹಚ್ಚಿದೆ. ಆ ಶಂಖ! ಅವಳ ಮನೆಯ ಸತ್ಯನಾರಾಯಣ ಪೂಜೆಗೆ ಸ್ವಹಸ್ತದಿಂದ ಹೆಕ್ಕಿದ ಶಂಖ ಅರ್ಪಿಸಿ ಅಕ್ಕನನ್ನು ಮರಳಿ ಪಡೆಯತಕ್ಕದ್ದೆಂದು ತೀರ್ಮಾನಿಸಿದೆ. ಪೇಟೆಯಲ್ಲೇ ಸಿಗುತ್ತದಲ್ಲ ಎಂದಳು ಹೆಂಡತಿ. ಪ್ರಾಯಶ್ಚಿತ್ತ ಅಂಗಡಿಯಲ್ಲಿ ಸಿಗುವ ಸಾಮಾನಲ್ಲ ಎಂದು ಹೇಳಿ ಬಸ್ಸು ಹತ್ತಿದೆ.

ಬಾಲ್ಯದ ಕಡಲತೀರ ಹಾಗೇ ಇರುತ್ತದೆಂದು ನಂಬಿದ್ದು ಮೊದಲ ತಪ್ಪು. ಮೂರು ತಾಸು ಬಗ್ಗಿ ಹುಡುಕಿದ್ದಕ್ಕೆ ಸಿಕ್ಕಿದ್ದು ಏಳು ಚಪ್ಪಲಿ, ಏಳೂ ಎಡಗಾಲಿನವು. ಸೊಂಟ ಹಿಡಿದುಕೊಂಡಿತು. ಸಮುದ್ರದ ಇಳಿತ ಶುರುವಾದ ಮೇಲೆ ಬಂಡೆಯ ಸಂದಿಯಲ್ಲಿ ಅಂಗೈಯಗಲದ ಶಂಖ ಕಂಡಿತು. ಬಾಯಿಗೆ ಕಂದು ಬಣ್ಣದ ಗಟ್ಟಿ ಮುಚ್ಚಳ ಬೇರೆ! ಕಸ ಹೋಗದಿರಲೆಂದು ದೇವರೇ ಮುಚ್ಚಿ ಕಳಿಸಿದ್ದಾನೆ ಎಂದುಕೊಂಡೆ. ಅಡಿಕೆಯ ಸಿಪ್ಪೆ ನೋಡಿಯೇ ಒಳಗಿನದನ್ನು ಹೇಳಬಲ್ಲವನು ನಾನು. ಶಂಖದೊಳಗೂ ಏನಾದರೂ ಇರುತ್ತದೆಂದು ಹೊಳೆಯಲೇ ಇಲ್ಲ.

ಅದನ್ನು ಮಡಿವಸ್ತ್ರದಲ್ಲಿ ಸುತ್ತಿ ದೇವರ ಕೋಣೆಯಲ್ಲಿಟ್ಟೆ. ಎರಡನೇ ದಿನ ಹೆಂಡತಿ ಇಲಿ ಸತ್ತಿದೆ ಎಂದು ಕಪಾಟುಗಳನ್ನೆಲ್ಲ ಸರಿಸಿದಳು. ಇಲಿ ಸಿಗಲಿಲ್ಲ. ಕೊನೆಗೆ ಶಂಖದ ಗಂಟಿನ ಮುಂದೆ ನಿಂತು ಹೇಳಿದಳು:

"ಇದ್ರ ಒಳಗೆ ಎಂತೋ ಇದ್ದು. ಒಂದ್ಸಲ ಬಿಚ್ಚಿ ನೋಡಿ."

ಅದು ಸಮುದ್ರದ ವಾಸನೆ, ನನ್ನ ಬಾಲ್ಯದ ವಾಸನೆ, ಘಟ್ಟದ ಮೇಲೆ ಹುಟ್ಟಿ ಬೆಳೆದವಳಿಗೆ ತಿಳಿಯುವುದಲ್ಲ ಎಂದೆ. ಆದರೂ ಮುನ್ನೆಚ್ಚರಿಕೆಗೆಂದು ಗಂಧ ಮೆತ್ತಿ, ಸುತ್ತ ಕರ್ಪೂರ ತುಂಬಿದೆ.

ಪೂಜೆಯ ದಿನ ನೆಂಟರಿಷ್ಟರ ಮುಂದೆ, ನಾನೇ ಕಂಡು ನಾನೇ ಹೆಕ್ಕಿದ್ದು ಎಂದು ಘೋಷಿಸಿ ಶಂಖವನ್ನು ಭಟ್ಟರ ಕೈಗಿಟ್ಟೆ. ನೀರು ತುಂಬಬೇಕಲ್ಲ, ಅವರು ಉದ್ಧರಣೆಯ ತುದಿಯಿಂದ ಮುಚ್ಚಳ ಮೀಟಿದರು. ಅದರೊಳಗೆ ವಾಸವಾಗಿದ್ದ ಜೀವಿ, ಸತ್ತು ನಾಲ್ಕು ದಿನವಾದದ್ದು, ಜಾರಿ ಪಂಚಾಮೃತದ ಬಟ್ಟಲಿಗೆ ಬಿತ್ತು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡು ಅಂಗಳಕ್ಕೆ ಓಡಿದರು. ದೇವರ ಮಂಟಪ ತೊಳೆದದ್ದಾಯಿತು, ಭಟ್ಟರು ಮತ್ತೆ ಸ್ನಾನ ಮಾಡಿದ್ದಾಯಿತು. ಊಟ ಎರಡು ತಾಸು ತಡ. ಹಸಿದ ನೆಂಟರು ನನ್ನನ್ನು ನೋಡಿದ ನೋಟ ಹೇಳಬಾರದು.

ಹಿತ್ತಿಲಲ್ಲಿ ಬಟ್ಟಲು ತಿಕ್ಕುತ್ತಿದ್ದ ಅಕ್ಕನ ಬಳಿ ಹೋಗಿ ಎಲ್ಲ ಒಪ್ಪಿಕೊಂಡೆ. ಅಂದು ಸುಳ್ಳು ಹೇಳಿದ್ದೆ, ಆ ಸಿಟ್ಟಿಗೇ ನೀನು ನನ್ನ ಮನೆಗೆ ಬರುತ್ತಿಲ್ಲವೆಂದು ಗೊತ್ತು ಎಂದೆ. ಅಕ್ಕ ತಲೆ ಎತ್ತಲಿಲ್ಲ.

"ಯಾವ ಶಂಖನೋ? ಎಂಗೆ ನೆನಪೇ ಇಲ್ಲೆ."

ಬಟ್ಟಲು ತೊಳೆದು ಕವುಚಿಟ್ಟಳು.

"ಆಯಿ ಮೂರು ವರ್ಷ ಇಲ್ಲಿ ಹಾಸಿಗೆ ಮೇಲೇ ಇತ್ತು. ನೀ ಎಷ್ಟು ಸಲ ಬಂದೆ?"

ಎರಡು ಸಲ. ಎರಡನೆಯ ಸಲ ಅಮ್ಮನ ಚಟ್ಟಕ್ಕೆ ಹೆಗಲು ಕೊಡಲು.

ವಾನಳ್ಳಿಯ ರಸ್ತೆ ಸರಿಯಿರಲಿಲ್ಲ, ಸೊಂಟನೋವು ಬೇರೆ ಎನ್ನಲು ಬಾಯಿ ತೆರೆದೆ. ಘಟ್ಟ ಇಳಿದು, ಮೂರು ತಾಸು ಬಗ್ಗಿ, ಸಮುದ್ರದಿಂದ ಹುಳು ಹಿಡಿದು ತಂದ ಮಹಾನುಭಾವನ ಬಾಯಲ್ಲಿ ಆ ಸುಳ್ಳು ಮಾತ್ರ ಹೊರಡಲಿಲ್ಲ.